ಇಬ್ಬರಿಗೂ ಹನ್ನೊಂದು

ನಮ್ಮ ಗಣಿತ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಬಳಗದಲ್ಲಿ ಕೈಮುಗಿದ ಚಿತ್ರಗಳ ಸಾಲೇ ಬಂತು. ಅದರ ನಡುವೆ ಒಬ್ಬ ‘ಇಬ್ಬರಿಗೂ ಹನ್ನೊಂದು’ ಎಂದಷ್ಟೇ ಬರೆದಿದ್ದ. ಕಿರಿಯ ತಂಡಗಳವರು ಇದೇನೆಂದು ಕೇಳಿದರು. ಬರೆದವನು ನನ್ನ ಜೊತೆಗಾರ. ಆ ಇಬ್ಬರಲ್ಲಿ ಇನ್ನೊಬ್ಬ ನಾನು. ಸ್ಮರಣ ಸಂಚಿಕೆಯ ಸಂಪಾದಕರು ಲೇಖನ ಕೇಳಿದ್ದರಿಂದ ಆ ಕಥೆಯನ್ನೇ ಹೇಳುತ್ತೇನೆ.

1980ರ ದಶಕದ ಆರಂಭದಲ್ಲಿ ಸಕಲೇಶಪುರ ಸೀಮೆಯ ನಮ್ಮ ಶಾಲೆಗೆ ಪೇಟೆಯ ಗುಮಾಸ್ತರ, ಅಂಗಡಿಯವರ, ಸಣ್ಣ ಬೆಳೆಗಾರರ ಮಕ್ಕಳು ಬರುತ್ತಿದ್ದರು. ಕಾಫಿ ತೋಟಗಳ ಲೈನ್ ಮನೆಗಳ, ಎಂದರೆ ಕೂಲಿಯವರ ಸಾಲುಮನೆಗಳ, ಮಕ್ಕಳೂ ಬರುತ್ತಿದ್ದರು. ಎಂಟನೇ ತರಗತಿಯಲ್ಲಿ ಬೆಂಚಿಗೆ ಐದು ಜನ ಒತ್ತಿ ಕುಳಿತವರು ಹತ್ತನೆಯದಕ್ಕೆ ಬರುವ ಹೊತ್ತಿಗೆ ಕೈಕಾಲು ಚಾಚಿ ಕೂರುವಷ್ಟು ಜಾಗವಾಗುತ್ತಿತ್ತು. ಜಾಗ ಖಾಲಿಯಾಗುವ ಕಾಲವೂ ಎಲ್ಲರಿಗೂ ಗೊತ್ತಿದ್ದದ್ದೇ. ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಕುಯ್ಲು. ಬೇರೆಯವರು ಪರೀಕ್ಷೆಗೆ ಓದುವ ತಿಂಗಳುಗಳಲ್ಲಿಯೇ ಲೈನ್ ಮನೆಯ ಮಗುವಿನ ಕೈಗೆ ಕೂಲಿ ಸಿಗುತ್ತಿತ್ತು. ಒಮ್ಮೆ ಹದಿನೈದು ದಿನ ತಪ್ಪಿಸಿಕೊಂಡ ಹುಡುಗನಿಗೆ ಮತ್ತೆ ತರಗತಿಗೆ ಕಾಲಿಡಲು ನಾಚಿಕೆ. ಆ ನಾಚಿಕೆ ತಿಂಗಳಾಗಿ, ವರ್ಷವಾಗಿ, ಅಲ್ಲಿಗೆ ಶಾಲೆ ಮುಗಿದುಹೋಗುತ್ತಿತ್ತು.

ಮೇಷ್ಟ್ರು ಅರಕಲಗೂಡಿನ ಕಡೆಯವರು. ಬಿಳಿ ಪಂಚೆ, ಕರಿ ಕೋಟು, ಜೇಬಿನಲ್ಲಿ ನಶ್ಯದ ಡಬ್ಬಿ. ಕೋಲು ಹಿಡಿದದ್ದನ್ನು ನಾನು ಕಾಣೆ, ಆದರೆ ನಶ್ಯ ಏರಿಸಿ, ಕಣ್ಣು ಕಿರಿದು ಮಾಡಿ ನಮ್ಮನ್ನು ನೋಡಿದರೆ ಕೋಲಿನ ಏಟೇ ವಾಸಿ ಎನ್ನಿಸುತ್ತಿತ್ತು. ಒಂಬತ್ತನೇ ತರಗತಿಯ ಜೂನ್‌ನಲ್ಲಿ, ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ, ಅವರು ನಮ್ಮನ್ನೆಲ್ಲ ಜೋಡಿ ಮಾಡಿದರು. ಲೆಕ್ಕ ಬರುವವನೊಬ್ಬ, ಬಾರದವನೊಬ್ಬ. ಆದರೆ ಅಂಕಪಟ್ಟಿ ನೋಡುವ ಮೊದಲು ಅವರು ಕೇಳಿದ್ದು ಯಾರು ಯಾವ ದಾರಿಯಲ್ಲಿ ಬರುತ್ತೀರಿ ಎಂಬುದನ್ನು. ಒಂದೇ ದಾರಿಯವರು ಸಿಕ್ಕಿದರೆ ಮಾತ್ರ ಜೋಡಿ. ಹುಡುಗಿಯರಿಗೂ ಹಾಗೆಯೇ. ತೋಟದೊಳಗಿನ ಮೈಲುಗಟ್ಟಲೆ ದಾರಿಯಲ್ಲಿ ಮಗಳೊಬ್ಬಳೇ ಬರಬೇಕಲ್ಲ ಎಂದು ಶಾಲೆ ಬಿಡಿಸುತ್ತಿದ್ದ ತಾಯಂದಿರಿಗೆ ಜೊತೆಗೊಬ್ಬಳು ಇದ್ದಾಳೆ ಎನ್ನುವುದೇ ದೊಡ್ಡ ಧೈರ್ಯವಾಯಿತು. ನನ್ನ ನೆನಪು ಸರಿಯಿದ್ದರೆ ನಮ್ಮ ತಂಡದಲ್ಲಿ ಜೋಡಿಯಾದ ಹುಡುಗಿಯರಲ್ಲಿ ನಡುವೆ ಬಿಟ್ಟವರು ತೀರಾ ಕಡಿಮೆ. ಈಗ ಅದೇ ದಾರಿಗಳಲ್ಲಿ ಆನೆಗಳ ಭಯ, ಅದು ಬೇರೆ ಮಾತು.

ಕಿತಾಪತಿಯ ಪ್ರಸಂಗಕ್ಕೆ ಬರುತ್ತೇನೆ. ಜೋಡಿಯಲ್ಲಿ ಹಿಂದಿರುವವನನ್ನು ಮೇಷ್ಟ್ರು ವಾರಕ್ಕೊಮ್ಮೆ ಬೋರ್ಡಿಗೆ ಕರೆಯುತ್ತಿದ್ದರು. ಮುಂದಿರುವವನು ಹೇಳಿಕೊಟ್ಟಿದ್ದಾನೋ ಇಲ್ಲವೋ ಎಂಬುದರ ಪರೀಕ್ಷೆ ಅದು. ಹೇಳಿಕೊಡುವುದಕ್ಕಿಂತ ಸನ್ನೆ ಮಾಡುವುದು ಸುಲಭವೆಂದು ಕಂಡುಕೊಂಡವನು ನಾನೇ, ಹೇಳಿಕೊಳ್ಳಲು ಈಗ ಸಂಕೋಚವೇನಿಲ್ಲ. ಕಿವಿ ಮುಟ್ಟಿದರೆ ಪ್ಲಸ್, ಮೂಗು ಮುಟ್ಟಿದರೆ ಮೈನಸ್, ಉಳಿದ ಸಂಖ್ಯೆಗಳಿಗೆ ಬೆರಳು. ಎರಡೇ ವಾರಗಳಲ್ಲಿ ಇಡೀ ತರಗತಿ ಈ ಭಾಷೆ ಕಲಿತು ಪಂಡಿತವಾಯಿತು. ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ನಶ್ಯದ ಡಬ್ಬಿಯನ್ನು.

ಅವತ್ತು ಅಪವರ್ತನದ ಲೆಕ್ಕ. ನಡುವಿನ ಪದದಲ್ಲಿ ಏಳು, ಕೊನೆಯಲ್ಲಿ ಹನ್ನೆರಡು, ಎರಡಕ್ಕೂ ಪ್ಲಸ್. ಆವರಣಗಳಲ್ಲಿ ಮೂರು, ನಾಲ್ಕು ಬರೆದು ಎರಡರ ಮುಂದೆಯೂ ಪ್ಲಸ್ ಹಾಕಿದರೆ ಮುಗಿಯಿತು. ನನ್ನ ಜೊತೆಗಾರ ಬೋರ್ಡಿನ ಮುಂದೆ, ನಾನು ಕೊನೆಯ ಬೆಂಚಿನಲ್ಲಿ ಕಿವಿ ಹಿಡಿದು ಕುಳಿತಿದ್ದೇನೆ. ಮೇಷ್ಟ್ರು ಸೀದಾ ನನ್ನ ಬೆನ್ನ ಹಿಂದೆ ಬಂದು ನಿಂತು ಚಿಟಿಕೆ ನಶ್ಯ ಏರಿಸಿದರು. ಅವನು ತಿರುಗಿ ನೋಡಿದ, ಪ್ಲಸ್ ಅಳಿಸಿ ಮೈನಸ್ ಹಾಕಿದ. ನಾನು ಎರಡೂ ಕಿವಿ ಹಿಡಿದೆ. ಮೇಷ್ಟ್ರು ಇನ್ನೊಂದು ಚಿಟಿಕೆ ಏರಿಸಿ ಸೀನಿದರು. ಎರಡನೆಯ ಆವರಣದಲ್ಲೂ ಮೈನಸ್ ಬಂತು. ಮೇಷ್ಟ್ರು ಬೋರ್ಡನ್ನೂ ನನ್ನ ಕಿವಿಯನ್ನೂ ಬಹಳ ಹೊತ್ತು ನೋಡಿ, ‘ಹನ್ನೆರಡು ಸರಿಯಾಗಿದೆ. ಏಳಕ್ಕೆ ಮಾತ್ರ ಏಕೋ ನೆಗಡಿಯಾಗಿದೆ’ ಎಂದರು.

ಮಾರನೆಯ ದಿನ ಹೊಸ ನಿಯಮ ಬಂತು. ತಿಂಗಳ ಪರೀಕ್ಷೆಯಲ್ಲಿ ಜೋಡಿಯ ಇಬ್ಬರಲ್ಲಿ ಯಾರದು ಕಡಿಮೆಯೋ ಅದೇ ಇಬ್ಬರ ಅಂಕ. ಐವತ್ತಕ್ಕೆ ನನಗೆ ನಲವತ್ತಾರು ಬಂದಿತ್ತು, ಅವನಿಗೆ ಹನ್ನೊಂದು. ಸೂಚನಾ ಫಲಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಹನ್ನೊಂದು ಎಂದೇ ಇತ್ತು.

ಅಂಚೆ ಗುಮಾಸ್ತರಾಗಿದ್ದ ನನ್ನಪ್ಪ ಶಾಲೆಗೆ ಬಂದು ಜಗಳವಾಡಿದರು. ನನ್ನ ಮಗ ಓದಲು ಬರುತ್ತಾನೋ ಪಾಠ ಹೇಳಲು ಬರುತ್ತಾನೋ ಎಂಬುದು ಅವರ ಪ್ರಶ್ನೆ. ಮೇಷ್ಟ್ರು ಉತ್ತರ ಕೊಡದೆ ನನ್ನನ್ನು ಕರೆಸಿ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಏಕೆ ಬರುತ್ತದೆ ಎಂದು ಕೇಳಿದರು. ನಿಯಮ ಒಪ್ಪಿಸಿದೆ. ‘ಏಕೆ’ ಎಂದು ಮತ್ತೆ ಕೇಳಿದರು. ಬಾಯಿ ಬರಲಿಲ್ಲ. ‘ನೋಡಿ ಸ್ವಾಮಿ, ಇವನ ಜೊತೆಗಾರ ನಿನ್ನೆ ಇವನಿಗೆ ಇದನ್ನೇ ಕೇಳಿದ್ದಾನೆ. ಇವನು ಅವನಿಗೆ ಬೈದು ಕಳುಹಿಸಿದ್ದಾನೆ’ ಎಂದರು. ಅಪ್ಪ ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ.

ಇನ್ನೊಂದು ನಿಯಮವಿತ್ತು. ಜೊತೆಗಾರ ಮೂರು ದಿನ ಬಾರದಿದ್ದರೆ ಅವನ ಮನೆಗೆ ಹೋಗಿಬರಬೇಕು. ಮೇಷ್ಟ್ರು ಹಾಜರಿ ಪುಸ್ತಕವನ್ನು ಅಂಕಪಟ್ಟಿಗಿಂತ ಹೆಚ್ಚು ಓದುತ್ತಿದ್ದರು. ಜನವರಿಯಲ್ಲಿ ನಾನು ತೋಟಕ್ಕೆ ಹೋದಾಗ ಅವನು ಅವ್ವನೊಡನೆ ಹಣ್ಣು ಕುಯ್ಯುತ್ತಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನನ್ನನ್ನು ಗದರಿಸಿ ಓಡಿಸಲು ನೋಡಿದರು. ಅಷ್ಟರಲ್ಲಿ ಸೈಕಲ್ ಏರಿ ಬಂದವರು ನಮ್ಮ ಡ್ರಿಲ್ ಮೇಷ್ಟ್ರು. ಅವರ ಸೀಟಿಗೆ ತೋಟದ ಮೇಸ್ತ್ರಿಗಳೂ ಹೆದರುತ್ತಿದ್ದರು. ಕೊನೆಗೆ ಆದ ಒಪ್ಪಂದ ಹೀಗೆ: ಶನಿವಾರ ಮಧ್ಯಾಹ್ನ, ಭಾನುವಾರ ತೋಟ, ಉಳಿದ ದಿನ ಶಾಲೆ, ಸಂಜೆ ಅಂಚೆ ಕಚೇರಿಯ ಜಗಲಿಯಲ್ಲಿ ನನ್ನ ಪಾಠ. ಅವನ ಅವ್ವ ನನಗೆ ಬೆಲ್ಲದ ಕಾಪಿ ಕೊಟ್ಟು, ‘ನೀನೂ ಹೊಡೆಯಬೇಡ ಕಣಪ್ಪ’ ಎಂದರು.

ಅವನು ಎಸ್‌ಎಸ್‌ಎಲ್‌ಸಿಯ ಏಪ್ರಿಲ್ ಪರೀಕ್ಷೆಯಲ್ಲಿ ಗಣಿತ ಪಾಸಾಗಿ ಇಂಗ್ಲಿಷಿನಲ್ಲಿ ಹೋದ. ಅಕ್ಟೋಬರ್‌ನಲ್ಲಿ ಕಟ್ಟಿ ತೇರ್ಗಡೆಯಾದ. ಮುಂದೆ ಕೆಇಬಿಯಲ್ಲಿ ಲೈನ್‌ಮನ್ ಆಗಿ ಮಲೆನಾಡಿನ ಮಳೆಯಲ್ಲೆಲ್ಲ ಕಂಬ ಹತ್ತಿದ. ನಾನು ಇತಿಹಾಸದ ಉಪನ್ಯಾಸಕನಾದೆ. ನನ್ನ ಪಾಠಕ್ಕೆ ಬೇರೆ ವಿಭಾಗದವರೂ ಬಂದು ಕೂರುತ್ತಿದ್ದರೆಂದರೆ ಅದರ ಯಶಸ್ಸು ಆ ಅಂಚೆ ಕಚೇರಿಯ ಜಗಲಿಗೆ ಸೇರಬೇಕು.

ಇತಿಹಾಸದ ಮೇಷ್ಟರಾಗಿ ಒಂದು ಮಾತು ಸೇರಿಸದೆ ಇರಲಾರೆ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದು ನಮ್ಮ ಜಗಲಿ ಶಾಲೆಗಳಲ್ಲಿ ಹಳೆಯ ರೂಢಿ. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯನ್ನು ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಸ್ಥಳೀಯ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತನ್ನಲ್ಲಿಯೂ ಅದನ್ನು ತಂದ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಅಚ್ಚಾಯಿತು. ಅಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ಈಗ ಅಮೆರಿಕದಲ್ಲಿ ಇದರ ಹತ್ತಿರದ ಸಂಬಂಧಿಗೆ ಪಿಯರ್ ಮೆಂಟರಿಂಗ್ ಎನ್ನುತ್ತಾರೆ. ಒಂಬತ್ತನೆಯ ತರಗತಿಗೆ ಹೊಸದಾಗಿ ಬಂದವರಿಗೆ ಹನ್ನೊಂದು, ಹನ್ನೆರಡನೆಯವರು ಜೊತೆ ನಿಲ್ಲುತ್ತಾರೆ. ಮಗಳು ಕಳುಹಿಸಿದ, 2014ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದನ್ನು ಓದಿದೆ. ಬಡ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಹಿರಿಯರ ಜೊತೆ ಸಿಕ್ಕಿದ ಹುಡುಗರಲ್ಲಿ ನಾಲ್ಕು ವರ್ಷಕ್ಕೆ ಶಾಲೆ ಮುಗಿಸಿದವರು ಶೇಕಡಾ 81, ಸಿಗದವರಲ್ಲಿ 63. ನಮ್ಮ ಮೇಷ್ಟ್ರು ಇದನ್ನು ಕಂಡಿದ್ದರೆ ಶೇಕಡಾವಾರನ್ನು ಮತ್ತೊಮ್ಮೆ ತಾವೇ ಲೆಕ್ಕ ಹಾಕಿ ನೋಡದೆ ಬಿಡುತ್ತಿರಲಿಲ್ಲ.

2019ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಬೀದಿಯಲ್ಲಿ ನಿಂತು ಪೇಡ ಹಂಚಿದವನೇ. ಈಗಿನ ಶಿಕ್ಷಕರು ದುಡಿಯುತ್ತಿಲ್ಲ ಎನ್ನಲಾರೆ. ವಿಶೇಷ ತರಗತಿ, ರಾತ್ರಿ ಓದು, ಬೆಳಗಿನ ಜಾವ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವುದು, ಎಲ್ಲವನ್ನೂ ಅವರೇ ಮಾಡಬೇಕು. ಆದರೆ ಹಿಂದುಳಿದವರನ್ನು ಬೇರೆ ಕೊಠಡಿಯಲ್ಲಿ ಕೂರಿಸಿ, ಕೈಗೆ ಪಾಸಾಗುವಷ್ಟೇ ಪಾಠದ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು, ಪಾಸಿನ ದಡ ಮುಟ್ಟಿಸುವ ಕ್ರಮ ನನಗೆ ಹಿಡಿಸುವುದಿಲ್ಲ. ಮುಂದಿರುವವರು ಇನ್ನೊಂದು ಕೊಠಡಿಯಲ್ಲಿ ಪೂರ್ತಿ ಅಂಕದ ಕನಸು ಕಾಣುತ್ತಾರೆ. ಮಧ್ಯದ ಗೋಡೆಯಾಚೆ ಯಾರು ಮೂರು ದಿನದಿಂದ ಬಂದಿಲ್ಲ ಎಂದು ಅವರಲ್ಲಿ ಒಬ್ಬರನ್ನಾದರೂ ಕೇಳಿ ನೋಡಿ. ಜೋಡಿಯ ಅಂಕದ ನಿಯಮವನ್ನು ಇವತ್ತು ತಂದರೆ ನನ್ನಪ್ಪನಂಥವರು ಶಾಲೆಗೆ ಬರುವ ಬದಲು ನೇರವಾಗಿ ವಕೀಲರ ಮನೆಗೆ ಹೋಗುತ್ತಾರೆ, ಅದೂ ಗೊತ್ತು.

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದ ನನ್ನ ಜೊತೆಗಾರ, ‘ಈ ಮಹಾಶಯ ಹೇಳಿಕೊಟ್ಟದ್ದಕ್ಕಿಂತ ಬೈದದ್ದೇ ಹೆಚ್ಚು’ ಎಂದು ಎಲ್ಲರನ್ನೂ ನಗಿಸಿದ. ಅದೇ ಸಭೆಯಲ್ಲಿ ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ಮೊದಲು ಬಂದವರಿಗೆ ಚಿನ್ನದ ಪದಕ ಕೊಡುವ ಸಲಹೆ ಬಂತು. ನಾವಿಬ್ಬರೂ ಒಪ್ಪಲಿಲ್ಲ. ಬಹುಮಾನ ಕೊಡುವುದಾದರೆ ಜೋಡಿಗೆ ಕೊಡಿ, ಕಡಿಮೆ ಅಂಕದವನ ಅಂಕ ಯಾವ ಜೋಡಿಯಲ್ಲಿ ವರ್ಷದೊಳಗೆ ಹೆಚ್ಚು ಏರಿದೆಯೋ ನೋಡಿ ಕೊಡಿ ಎಂದೆವು. ಚಿನ್ನ ಬೇಡ, ಇಬ್ಬರಿಗೂ ಸೈಕಲ್ ಕೊಡಿ ಎಂದು ಅವನು ಸೇರಿಸಿದ. ಒಂದು ಪದಕದ ಹಣಕ್ಕೆ ಎರಡು ಸೈಕಲ್ ಬರುತ್ತವೆಯೇ ಎಂದು ಖಜಾಂಚಿಯವರು ಲೆಕ್ಕ ಹಾಕುತ್ತಿದ್ದಾರೆ. ನನ್ನ ಪಾಲಿನ ಹಣವನ್ನು ಸೈಕಲ್ಲಿಗೆಂದೇ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಗೆ ಹೆಚ್ಚು ಜನ ಬಂದು ಕೈ ಎತ್ತಿದರೆ ಅನುಕೂಲ.