ದೊಡ್ಡದಾಗಲ್ಲ ಸ್ವಾಮಿ, ಸಾಕಾ?

"ನೀವು ನೋಡೋ ಆ ಪುಟ್ಟ ಗೆಲಾಕ್ಸಿಗಳು ಮುಂದೆ ನಮ್ಮ ಕ್ಷೀರಪಥದಷ್ಟು ದೊಡ್ಡದಾಗ್ತವಾ?"

ಕುಬ್ಜ ಗೆಲಾಕ್ಸಿಗಳ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಬರುವ ಪ್ರಶ್ನೆ ಇದು. ಹೆಚ್ಚಿನವು ಆಗಲ್ಲ. ಇನ್ನು ಮೇಲೆ ಕೇಳಿದವರಿಗೆ ಈ ಲಿಂಕ್ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆಗಿಂತ ಕೇಳುವ ಧಾಟಿಗೇ ಸಿಟ್ಟು ಬರುತ್ತದೆ. ಒಂದು ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಷ್ಟೆಲ್ಲ ಓದಿ ಚಿಕ್ಕದನ್ನೇ ಯಾಕೋ ಹಿಡ್ಕೊಂಡೆ? ದೊಡ್ಡ ಗೆಲಾಕ್ಸಿ ಸಿಗಲಿಲ್ವಾ?" ಅಂದರು. ಮೆಡಿಕಲ್ ಸೀಟು ತಪ್ಪಿದ ಹುಡುಗನನ್ನು ಸಮಾಧಾನ ಮಾಡುವ ದನಿ. ತುಪ್ಪ ಬಡಿಸುವವನೂ ಉತ್ತರಕ್ಕೆ ಕಾದು ನಿಂತ!

ಅಲ್ಲ ದೊಡ್ಡಪ್ಪ, ಇಲ್ಲಿ ಬೆಳೆಯೋರು ಅವರಲ್ಲ, ನಾವು. ಧನು ರಾಶಿಯ ದಿಕ್ಕಿನಲ್ಲಿ 1994ರಲ್ಲಿ ಒಂದು ಕುಬ್ಜ ಗೆಲಾಕ್ಸಿ ಸಿಕ್ಕಿತು. ಕ್ಷೀರಪಥ ಅದನ್ನು ಹರಿದು ತಿನ್ನುತ್ತಿದೆ. ಕಿತ್ತುಬಂದ ನಕ್ಷತ್ರಗಳು ಉದ್ದ ಪಟ್ಟಿಯಾಗಿ ನಮ್ಮ ಗೆಲಾಕ್ಸಿಯನ್ನೇ ಸುತ್ತಿಕೊಂಡಿವೆ. ಕ್ಷೀರಪಥದ ಮೈಯಲ್ಲಿ ಇಂಥ ಹಳೇ ಊಟಗಳ ಪಾಲು ಸಾಕಷ್ಟಿದೆ.

ನನಗೆ ಬೇಕಾದ ಪ್ರಶ್ನೆ ಬೇರೆ. ಈ ಪುಟ್ಟ ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟೋದು ಯಾಕೆ ನಿಂತಿತು? ಅದನ್ನ ಯಾರೂ ಕೇಳಲ್ಲ.

ಸೆಗ್ವೇ 1 ಅಂತ ಒಂದು ಕುಬ್ಜ ಗೆಲಾಕ್ಸಿ ಇದೆ. ಸುಮಾರು 75,000 ಜ್ಯೋತಿರ್ವರ್ಷ ದೂರ. ಇಡೀ ಗೆಲಾಕ್ಸಿಯ ಬೆಳಕು ಕೂಡಿಸಿದರೂ ಕೆಲವು ನೂರು ಸೂರ್ಯರಷ್ಟೇ. ಆದರೆ ಅಲ್ಲಿನ ನಕ್ಷತ್ರಗಳು ಓಡುವ ವೇಗ ಅಳೆದರೆ, ಅವು ಚದುರಿಹೋಗದಂತೆ ಹಿಡಿದಿಡಲು ಆ ಬೆಳಕಿಗೆ ಹೋಲಿಸಿ ಸಾವಿರ ಪಟ್ಟಿಗೂ ಜಾಸ್ತಿ ತೂಕ ಅಲ್ಲಿರಬೇಕು. ಬಹುಪಾಲು ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಬೀರದೆ ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು. ಇಂಥ ಮಂಕು ಗೆಲಾಕ್ಸಿಗಳಲ್ಲಿ ಹೆಚ್ಚಿನ ನಕ್ಷತ್ರಗಳು ವಿಶ್ವದ ಶುರುವಿನ ಕಾಲದಲ್ಲೇ ಹುಟ್ಟಿದವು. ಆಮೇಲೆ ಸುತ್ತಲಿನ ಗೆಲಾಕ್ಸಿಗಳ ನೇರಳಾತೀತ ಬೆಳಕು ಗ್ಯಾಸನ್ನು ಸುಮಾರು 10,000 ಡಿಗ್ರಿಗೆ ಕಾಯಿಸಿತು. ಅಷ್ಟು ಬಿಸಿ ಗ್ಯಾಸನ್ನು ಹಿಡಿದಿಡುವ ಗುರುತ್ವ ಇವಕ್ಕೆಲ್ಲಿದೆ? ಅವುಗಳೊಳಗೇ ಸಿಡಿದ ಸೂಪರ್‌ನೋವಾಗಳೂ (ನಕ್ಷತ್ರಗಳ ಸ್ಫೋಟಗಳು) ಗ್ಯಾಸನ್ನು ಹೊರಕ್ಕೆ ತಳ್ಳಿದವು. ಗ್ಯಾಸ್ ಇಲ್ಲ ಅಂದ ಮೇಲೆ ಹೊಸ ನಕ್ಷತ್ರವೂ ಇಲ್ಲ.

ಹಾಗಂತ ಎಲ್ಲವೂ ಖಾಲಿಯಾಗಿಲ್ಲ. ಸಿಂಹ ರಾಶಿಯಲ್ಲಿ ಲಿಯೋ ಟಿ ಇದೆ, ಸುಮಾರು 13 ಲಕ್ಷ ಜ್ಯೋತಿರ್ವರ್ಷ ದೂರ. ಅದೂ ಪುಟ್ಟದೇ. ಆದರೆ ಗ್ಯಾಸ್ ಇನ್ನೂ ಇದೆ, ಕಳೆದ 100 ಕೋಟಿ ವರ್ಷದೊಳಗೆ ಹುಟ್ಟಿದ ನಕ್ಷತ್ರಗಳೂ ಇವೆ. ಕ್ಷೀರಪಥದ ಸುತ್ತ ತೆಳ್ಳಗಿನ ಬಿಸಿ ಗ್ಯಾಸ್ ಹರಡಿದೆ. ಅದರೊಳಗೆ ನುಗ್ಗಿದ ಚಿಕ್ಕ ಗೆಲಾಕ್ಸಿಯ ಗ್ಯಾಸ್ ಎದುರುಗಾಳಿಗೆ ಕಿತ್ತುಹೋಗುತ್ತದೆ. ಲಿಯೋ ಟಿ ಇನ್ನೂ ನಮ್ಮ ಹತ್ತಿರ ಬಂದಿಲ್ಲ ಅನಿಸುತ್ತೆ, ಅದಕ್ಕೇ ಅದರ ಗ್ಯಾಸ್ ಉಳಿದುಕೊಂಡಿರಬೇಕು.