ಕೊನೇ ಎರಡು ಮಿಲಿಗ್ರಾಂ

ಒಂಬತ್ತು ವರ್ಷ, ದಿನಾ ರಾತ್ರಿ ಒಂದು ಮಾತ್ರೆ. ಡಿಪ್ರೆಶನ್‌ಗೆ ಕೊಡೋ ಎಸಿಟಲೋಪ್ರಾಮ್, 10 ಮಿಲಿಗ್ರಾಂ. ಮೊದ್ಲೇ ಹೇಳ್ಬಿಡ್ತೀನಿ, ನಾನು ಮಾತ್ರೆ ವಿರೋಧಿ ಅಲ್ಲ. ಶುರು ಮಾಡಿದ ಕಾಲದಲ್ಲಿ ಎದ್ದು ಸ್ನಾನ ಮಾಡೋದೇ ನನಗೆ ಒಂದು ದಿನದ ಕೆಲಸ ಆಗಿತ್ತು, ಅಲ್ಲಿಂದ ಕೈ ಹಿಡಿದು ಎಬ್ಸಿದ್ದು ಇದೇ ಮಾತ್ರೆ. ಬಿಡ್ಬೇಕು ಅನ್ಸಿದ್ದು ಯಾಕಂದ್ರೆ ಬರ್ತಾ ಬರ್ತಾ ಅಳುನೂ ಬರ್ತಿರ್ಲಿಲ್ಲ, ನಗುನೂ ಅರ್ಧಕ್ಕೇ ನಿಂತೋಗ್ತಿತ್ತು, ಹತ್ತಿರದೋರು ತೀರ್ಕೊಂಡಾಗ್ಲೂ ಕಲ್ಲು ಥರ ಕೂತಿದ್ದೆ.

ಇದು ಎರಡನೇ ಸಲ ಬಿಡ್ತಿರೋದು. ಮೊದಲನೇ ಸಲದ್ದು ಪೂರ್ತಿ ನನ್ನ ದಡ್ಡತನ. ಐದನೇ ವರ್ಷ, ಆರಾಮಾಗೇ ಇದ್ದೀನಲ್ಲ ಇನ್ಯಾಕೆ ಅಂತ ಯಾರಿಗೂ ಹೇಳ್ದೆ ಕೇಳ್ದೆ ಒಂದಿನ ನಿಲ್ಲಿಸ್ಬಿಟ್ಟೆ. ಎರಡು ದಿನ ಏನೂ ಆಗ್ಲಿಲ್ಲ. ಈ ಔಷಧಿ ಮೈಯಲ್ಲಿ ಅರ್ಧಕ್ಕಿಳಿಯೋಕೇ ಸುಮಾರು 30 ಗಂಟೆ ಬೇಕು ಅಂತ ಆಗ ನನಗೇನು ಗೊತ್ತು, ಗೆದ್ದೆ ಅನ್ಕೊಂಡಿದ್ದೆ. ಮೂರನೇ ದಿನ ಪಕ್ಕಕ್ಕೆ ಕಣ್ಣು ತಿರುಗಿಸಿದ್ರೆ ಸಾಕು, ತಲೆ ಒಳಗೆ ಝಟ್ ಅಂತ ಕರೆಂಟ್ ಹೊಡೆದಂಗೆ. ಇದಕ್ಕೆ ಬ್ರೇನ್ ಜ್ಯಾಪ್ ಅಂತಾನೇ ಹೆಸರಿದೆ, ಅದು ಗೊತ್ತಾಗಿದ್ದು ವರ್ಷಗಳಾದ್ಮೇಲೆ. ಜೊತೆಗೆ ತಲೆಸುತ್ತು, ವಾಕರಿಕೆ, ರಾತ್ರಿ ಪೂರ್ತಿ ಸಿನಿಮಾ ಥರ ಕನಸು, ಟಿವಿ ಜಾಹೀರಾತು ನೋಡಿ ಗಳಗಳ ಅಳೋದು, ಅದಾಗಿ ಐದು ನಿಮಿಷಕ್ಕೆ ಯಾರ ಮೇಲೋ ಕೂಗಾಡೋದು. ವಾರ ತುಂಬೋದ್ರೊಳಗೆ ನಾನೇ ತೀರ್ಪು ಕೊಟ್ಕೊಂಡೆ, ಕಾಯಿಲೆ ವಾಪಸ್ ಬಂತು ಅಂತ. ಮಾತ್ರೆ ನುಂಗಿದೆ, ಎರಡೇ ದಿನಕ್ಕೆ ಎಲ್ಲಾ ಮಾಯ. ನೋಡಿದ್ಯಾ, ಜೀವನಪೂರ್ತಿ ಇದು ಬೇಕೇ ಬೇಕು ಅಂತ ಇನ್ನೂ ನಾಲ್ಕು ವರ್ಷ ತಗೊಂಡೆ.

ಈಗ ಯೋಚಿಸಿದ್ರೆ ನಗು ಬರತ್ತೆ. ಮೊದಲು ಡಿಪ್ರೆಶನ್ ಬಂದಾಗ ಮೆತ್ತಗೆ ತಿಂಗಳುಗಟ್ಟಲೆ ತಗೊಂಡು ಬಂದಿತ್ತು, ಹೋಗೋಕೂ ಅಷ್ಟೇ ಟೈಮ್ ತಗೊಂಡಿತ್ತು. ಅದು ಮೂರೇ ದಿನದಲ್ಲಿ ಬಂದು ಎರಡೇ ದಿನದಲ್ಲಿ ಹೋಗತ್ತಾ? ತಲೆಗೆ ಕರೆಂಟ್ ಹೊಡೆಯೋದು ನನ್ನ ಡಿಪ್ರೆಶನ್ನಲ್ಲಿ ಯಾವತ್ತಾದ್ರೂ ಇತ್ತಾ? ಈ ಎರಡು ಪ್ರಶ್ನೆ ಯಾರೂ ಕೇಳ್ಲಿಲ್ಲ, ಆಗಿನ ಡಾಕ್ಟ್ರೂ ಕೇಳ್ಲಿಲ್ಲ, ಸರಿ ಕಂಟಿನ್ಯೂ ಮಾಡಿ ಅಂದ್ರು ಅಷ್ಟೇ.

ಈಗಿನ ಡಾಕ್ಟ್ರು ಚೀಟಿ ಹಿಂದೆ ಒಂದು ಗ್ರಾಫ್ ಬರೆದು ತೋರಿಸಿದ್ರು. ಅಡ್ಡಕ್ಕೆ ಡೋಸ್, ಮೇಲಕ್ಕೆ ಮೆದುಳಿನ ಮೇಲೆ ಅದರ ಪರಿಣಾಮ. ಗೆರೆ ಮೊದಲು ಕಡಿದಾಗಿ ಮೇಲೆ ಹೋಗಿ ಆಮೇಲೆ ಚಪ್ಪಟೆ ಆಗತ್ತೆ. ಈ ಜಾತಿಯ ಔಷಧಿಗಳು ಮಾಮೂಲಿ ಡೋಸ್‌ನಲ್ಲೇ ಮೆದುಳಿನ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ಗಳಲ್ಲಿ (ಸೆರೊಟೋನಿನ್ ಅನ್ನೋ ರಾಸಾಯನಿಕನ ನರಕೋಶದೊಳಗೆ ವಾಪಸ್ ಎಳ್ಕೊಳ್ಳೋ ಬಾಗಿಲುಗಳು ಅನ್ಕೊಳ್ಳಿ) ಸುಮಾರು 80% ಹಿಡ್ಕೊಂಡುಬಿಡ್ತವಂತೆ, ಸ್ಕ್ಯಾನ್ ಮಾಡಿ ನೋಡಿದಾರೆ. ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ: ಬಸ್ಸಲ್ಲಿ ಮೊದಲು ಹತ್ತಿದೋರಿಗೆಲ್ಲ ಸೀಟು, ಆಮೇಲೆ ಹತ್ತಿದೋರು ನಿಂತಿರ್ತಾರೆ. ನಿಂತಿರೋರು ಎಷ್ಟು ಜನ ಇಳಿದ್ರೂ ಸೀಟೇನೂ ಖಾಲಿ ಆಗಲ್ಲ. ಹಂಗಾಗಿ 10ರಿಂದ 5ಕ್ಕೆ ಬರೋದು ದೊಡ್ಡ ವಿಷಯ ಅಲ್ಲ, 2ರಿಂದ ಸೊನ್ನೆಗೆ ಬರೋದು ಭಾರಿ ವಿಷಯ. 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಅನ್ನೋ ಸಂಶೋಧಕರು ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬರೆದ್ರು, ಕೆಳಗೆ ಬಂದಷ್ಟೂ ಇಳಿಸೋ ಪ್ರಮಾಣ ಸಣ್ಣದಾಗ್ತಾ ಹೋಗ್ಬೇಕು ಅಂತ.

ನನಗೂ ಥೇಟ್ ಹಂಗೇ ಆಯ್ತು. 5ಕ್ಕೆ ಬಂದಿದ್ದು ಗೊತ್ತೇ ಆಗ್ಲಿಲ್ಲ. 2.5ಕ್ಕೆ ಸ್ವಲ್ಪ ನಿದ್ದೆ ಕೆಟ್ತು. ಅಲ್ಲಿಂದ ಮುಂದೆ ಮಾತ್ರೆ ಕಟ್ ಮಾಡಿದ್ರೆ ಪುಡಿಪುಡಿ ಆಗ್ತಿತ್ತು ಅಂತ ಡಾಕ್ಟ್ರು ಲಿಕ್ವಿಡ್‌ಗೆ ಬದಲಾಯಿಸಿದ್ರು, ಒಂದು ಎಂ.ಎಲ್.ಗೆ ಒಂದು ಮಿಲಿಗ್ರಾಂ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆದು ಕುಡಿಯೋದು. 2ರಿಂದ 1ಕ್ಕೆ ಇಳಿದ ವಾರ ಮಾತ್ರ ನರಕ. ಫೋನ್ ಮಾಡಿದ್ರೆ ಅವರು ಗಾಬರಿನೇ ಆಗ್ಲಿಲ್ಲ, 1.5ಕ್ಕೆ ಹೋಗಿ ಅಲ್ಲೇ ಕೂತ್ಕೊಳ್ಳಿ ಅಂದ್ರು. ಆರು ವಾರ ಕೂತೆ. ವಾಪಸ್ ಹೋಗೋದಕ್ಕೆ ಅವಮಾನ ಆಯ್ತು, ಸುಳ್ಳು ಹೇಳಲ್ಲ.

ಯಾರೋ ದಿನಬಿಟ್ಟು ದಿನ ತಗೋ ಅಂದಿದ್ರು, ಅದನ್ನ ಕೇಳಿ ಡಾಕ್ಟ್ರು ತಲೆ ಚಚ್ಕೊಂಡ್ರು, ರಕ್ತದಲ್ಲಿ ಔಷಧಿ ಜೋಕಾಲಿ ಥರ ಏರಿಳಿದ್ರೆ ಜ್ಯಾಪ್ ಜಾಸ್ತಿನೇ ಆಗತ್ತೆ. ಡಿಪ್ರೆಶನ್‌ನ ಎಲ್ಲಾ ಔಷಧಿನೂ ಒಂದೇ ಥರ ಅಲ್ಲ ಬಿಡಿ. ಫ್ಲೂಆಕ್ಸೆಟಿನ್ ನಿಲ್ಲಿಸಿದ್ರೂ ವಾರಗಟ್ಟಲೆ ಮೈಯಲ್ಲಿರತ್ತೆ, ವೆನ್ಲಾಫ್ಯಾಕ್ಸಿನ್ ಅರ್ಧಕ್ಕಿಳಿಯೋಕೆ ಐದೇ ಗಂಟೆ, ಅದನ್ನ ತಗೊಳ್ತಿದ್ದ ನನ್ನ ಫ್ರೆಂಡ್‌ಗೆ ಬೆಳಗ್ಗೆ ಮರೆತ್ರೆ ಸಂಜೆಗೇ ಗೊತ್ತಾಗ್ತಿತ್ತು. ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆನ ಅಂತೂ ಪುಡಿ ಮಾಡ್ಲೇಬಾರ್ದು. ಅದಕ್ಕೇ ನನ್ನ ಲೆಕ್ಕ ನೋಡಿ ನೀವು ಇಳಿಸೋಕೆ ಹೋಗ್ಬೇಡಿ.

ಇನ್ನು "ಚಟ ಹತ್ತಿಸ್ಕೊಂಡಿದ್ಯಾ" ಅನ್ನೋರು. ಚಟ ಇದ್ದಿದ್ರೆ ಮಾತ್ರೆ ಬೇಕು ಅಂತ ಮನಸ್ಸು ಹಾತೊರೀಬೇಕಿತ್ತು, ಡೋಸ್ ಏರಿಸ್ತಾ ಹೋಗ್ಬೇಕಿತ್ತು. ಅದೇನೂ ಇಲ್ಲ, ಮೈ ಒಗ್ಗಿಕೊಂಡಿದೆ ಅಷ್ಟೇ.

ಕಾಯಿಲೆ ನಿಜವಾಗ್ಲೂ ಮರಳಬಹುದು ಅನ್ನೋ ಭಯ ಬೇರೆ, ಅದು ಸುಳ್ಳು ಭಯನೂ ಅಲ್ಲ. 2021ರ ಆಂಟ್ಲರ್ ಅನ್ನೋ ಟ್ರಯಲ್‌ನಲ್ಲಿ ಚೆನ್ನಾಗಿದ್ದು ಮಾತ್ರೆ ಬಿಟ್ಟವರಲ್ಲಿ ವರ್ಷದೊಳಗೆ 56% ಜನಕ್ಕೆ ಡಿಪ್ರೆಶನ್ ಮರಳಿತ್ತು, ಮುಂದುವರೆಸಿದವರಲ್ಲೂ 39% ಜನಕ್ಕೆ. ಈ ನಂಬರ್ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಗ್ಗೆ ಎದ್ದು ಬಾಕಿ 44ರ ಕಡೆಯಿಂದ ಎಣಿಸಿದೆ.

ಹಂಗಾಗಿ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ನಿದ್ದೆ, ಜ್ಯಾಪ್, ಅಳು, ಡೋಸ್, ದಿನಕ್ಕೊಂದು ಸಾಲು. ಡೋಸ್ ಇಳಿಸಿದ ಕೂಡಲೇ ತೊಂದರೆ ಏರಿ ಮೆಲ್ಲಗೆ ಇಳಿದ್ರೆ ಹೆಚ್ಚಾಗಿ ವಿತ್‌ಡ್ರಾವಲ್, ಅಂದ್ರೆ ಔಷಧಿ ಕಮ್ಮಿ ಮಾಡಿದ್ದರ ಪೆಟ್ಟು, ಕಾಯಿಲೆ ಅಲ್ಲ. ಏನೂ ಬದಲಾಯಿಸ್ದೆ ವಾರಗಟ್ಟಲೆ ಕೆಳಗೆ ಜಾರ್ತಾ ಹೋದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲದಂಗಾದ್ರೆ, ತಕ್ಷಣ ಡಾಕ್ಟ್ರಿಗೆ ಫೋನ್. ಸಾಯೋ ಯೋಚನೆ ಬಂದ್ರೆ ನೋಟ್‌ಬುಕ್ ಗೀಟ್‌ಬುಕ್ ಏನೂ ಇಲ್ಲ, ಸೀದಾ ಆಸ್ಪತ್ರೆ, ಇದನ್ನ ನನ್ನ ಗಂಡನಿಗೂ ಹೇಳಿಟ್ಟಿದ್ದೀನಿ.

ಸದ್ಯ 0.3ರಲ್ಲಿದ್ದೀನಿ. ಮೊನ್ನೆ ಹಾಸಿಗೆ ಮೇಲೆ ಒದ್ದೆ ಟವೆಲ್ ಎಸೆದಿದ್ದಕ್ಕೆ ಅವನ ಮೇಲೆ ಹಾರಾಡಿದೆ. ಸುಮ್ನೆ ಕೇಳಿಸ್ಕೊಂಡು, "ಇದು ಕಾಯಿಲೆನಾ, ಔಷಧಿದಾ, ಇಲ್ಲ ನೀನೇನಾ" ಅಂದ. ನೋಟ್‌ಬುಕ್ ತೆಗೆದು ನೋಡಿದೆ, ಡೋಸ್ ಇಳಿಸಿ ಹದಿನೆಂಟು ದಿನ ಆಗಿತ್ತು, ಒಂದು ವಾರದಿಂದ ಜ್ಯಾಪ್ ಇಲ್ಲ, ನಿದ್ದೆ ಚೆನ್ನಾಗಿದೆ.

"ನಾನೇ" ಅಂದೆ. "ಟವೆಲ್ ತೆಗಿ."