ಫೈರ್‌ವಾಲ್ ಲಾಗ್: ಒಳಗಿನವರ ಮೇಲೂ ಒಂದು ಕಣ್ಣು

ಫೆಬ್ರವರಿ 11, 2024, ಭಾನುವಾರ

ಆಫೀಸಿಗೆ ರಜೆ ಇದ್ದರೆ ಫೈರ್‌ವಾಲ್‌ಗೆ (ನೆಟ್‌ವರ್ಕ್‌ಗೆ ಬಂದುಹೋಗುವ ಡೇಟಾಗೆ ಕಾವಲು) ಕೈ ಹಾಕಲು ಧೈರ್ಯ ಬರುತ್ತದೆ. ನೆಟ್ ಹೋದರೂ ಫೋನ್ ಮಾಡಿ ಕೂಗಾಡುವವರಿಲ್ಲ. ನಮ್ಮದು ಹಳೇ ಡೆಸ್ಕ್‌ಟಾಪ್ ಮೇಲೆ ಓಡುವ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ. ಅದರ ಪಿಎಫ್ ಫೈರ್‌ವಾಲ್ 2001ರಲ್ಲಿ ಬಂದದ್ದು. ಅದಕ್ಕೂ ಮೊದಲಿದ್ದ ಐಪಿಫಿಲ್ಟರ್ ಎಂಬ ಫೈರ್‌ವಾಲ್‌ನ ಲೈಸೆನ್ಸ್ ಬಗ್ಗೆ ಜಗಳ ಆಗದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲವೇನೋ.

ಏನು ಬಿಡಬೇಕು, ಏನು ತಡೆಯಬೇಕು ಅನ್ನುವ ರೂಲ್‌ನಲ್ಲಿ ‘ಲಾಗ್’ (ದಾಖಲಿಸು) ಅಂತ ಸೇರಿಸಿದರೆ ಆ ಪ್ಯಾಕೆಟ್‌ನ, ಅಂದರೆ ಡೇಟಾ ತುಣುಕಿನ, ನಕಲು ಪಿಎಫ್‌ಲಾಗ್0 ಎಂಬ ಸಾಫ್ಟ್‌ವೇರ್ ಇಂಟರ್‌ಫೇಸ್‌ಗೆ ಹೋಗುತ್ತದೆ. ಪಿಎಫ್‌ಲಾಗ್‌ಡಿ ಎಂಬ ಪ್ರೋಗ್ರಾಂ ಅದನ್ನು ಫೈಲಿಗೆ ಇಳಿಸುತ್ತದೆ. ಫೈಲ್ ಬೈನರಿ. ಮಾಮೂಲಿ ‘ಕ್ಯಾಟ್’ ಕಮಾಂಡ್‌ನಲ್ಲಿ ತೆರೆದರೆ ಟರ್ಮಿನಲ್ ತುಂಬ ಕಸ, ಪ್ಯಾಕೆಟ್ ಓದುವ ಟಿಸಿಪಿಡಂಪ್‌ನಲ್ಲೇ ಓದಬೇಕು. ಅದಕ್ಕೆ ಮೈನಸ್ ಎನ್ ಎಂಬ ಆಯ್ಕೆ ಕೊಡದಿದ್ದರೆ ಒಂದೊಂದು ಐಪಿಗೂ ಹೆಸರು ಹುಡುಕುತ್ತಾ ಕೂರುತ್ತದೆ. ಮೈನಸ್ ಇ ಕೊಡದಿದ್ದರೆ ಯಾವ ರೂಲ್ ತಡೆಯಿತು ಅನ್ನುವುದೇ ಕಾಣುವುದಿಲ್ಲ. ಆಮೇಲೆ ಲಾಗ್ ಇದ್ದು ಏನು ಪ್ರಯೋಜನ?

ನನ್ನ ತಕರಾರು ಹೊರಗಿನ ಗಲಾಟೆ ಬಗ್ಗೆ. ಸಾರ್ವಜನಿಕ ಐಪಿ ಇದ್ದರೆ ಸಾಕು, 22, 23, 445, 3389 ಪೋರ್ಟ್‌ಗಳನ್ನು (ಒಂದೊಂದು ಸೇವೆಗೆ ಒಂದೊಂದು ನಂಬರಿನ ಬಾಗಿಲು) ಯಾರೋ ಹಗಲು ರಾತ್ರಿ ತಟ್ಟುತ್ತಲೇ ಇರುತ್ತಾರೆ. 2016ರ ಮಿರಾಯ್ ಬಾಟ್‌ನೆಟ್ (ವಶಪಡಿಸಿಕೊಂಡ ಸಾಧನಗಳ ಜಾಲ) 23ರ ಟೆಲ್ನೆಟ್ ಹಿಡಿದೇ ಹರಡಿತು. ಬ್ಲಾಕ್ ಆಗಿದೆ, ಮುಗೀತು. ಅದನ್ನೆಲ್ಲ ಸುಮ್ನೆ ಬರೆದಿಟ್ಟು ಮಾಡುವುದೇನು? ಮೇಲಾಗಿ ಲಾಗ್ 250 ಕೆಬಿ ದಾಟಿದರೆ ಲಾಗ್ ಫೈಲ್ ಬದಲಿಸುವ ನ್ಯೂಸಿಸ್‌ಲಾಗ್ ಹೊಸ ಫೈಲ್ ಶುರು ಮಾಡುತ್ತದೆ, ಹಳೆಯವು ಮೂರೇ ಉಳಿಯುತ್ತವೆ. ಸ್ಕ್ಯಾನ್ ಜಾಸ್ತಿಯಾದರೆ ನಮಗೆ ಬೇಕಾದ ಸಾಲೇ ಅಳಿಸಿಹೋಗುತ್ತದೆ.

ಹಾಗಾಗಿ ಹೊರಗಿನಿಂದ ಬರುವುದರ ರೂಲ್‌ನಿಂದ ಇವತ್ತು ‘ಲಾಗ್’ ತೆಗೆದೆ. ಒಳಗಿನ ನೆಟ್‌ವರ್ಕ್‌ನಿಂದ ಹೊರಟು ತಡೆಯಾಗುವ ಪ್ಯಾಕೆಟ್‌ಗಳಿಗೆ ಪಿಎಫ್‌ಲಾಗ್1 ಅಂತ ಬೇರೆ ಇಂಟರ್‌ಫೇಸ್, ಬೇರೆ ಫೈಲ್.

ಕಾಫಿ ಮುಗಿಯುವಷ್ಟರಲ್ಲಿ ಒಂದೇ ಥರದ ಸಾಲುಗಳು ಬರತೊಡಗಿದವು: ‘ರೂಲ್ 7/(ಮ್ಯಾಚ್) ಬ್ಲಾಕ್ ಇನ್ ಆನ್ ಇಎಂ1: 192.168.1.40.51522 > 8.8.8.8.53’. ಹೊರಗೆ ಹೋಗುವ ಪ್ಯಾಕೆಟ್‌ಗೆ ‘ಇನ್’ ಯಾಕೆ? ಲೆಕ್ಕವೆಲ್ಲ ಫೈರ್‌ವಾಲ್ ಕಡೆಯಿಂದ. ಒಳಗಿನ ನೆಟ್‌ವರ್ಕ್ ಕಡೆಯ ಅದರ ಕಾರ್ಡ್‌ಗೆ (ಇಎಂ1) ಪ್ಯಾಕೆಟ್ ಬಂತು, ಅಷ್ಟೇ. ಕೊನೆಯ 53 ಅಂದರೆ ಡಿಎನ್‌ಎಸ್, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ. 192.168.1.40 ನಮ್ಮ ಸಿಸಿಟಿವಿ ರೆಕಾರ್ಡರ್. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ನಮ್ಮದೇ ಡಿಎನ್‌ಎಸ್ ವಿಳಾಸ ಕೊಟ್ಟಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ, ನೇರ ಗೂಗಲ್‌ನ ಡಿಎನ್‌ಎಸ್‌ಗೆ ಹೊರಟಿದೆ. ಪ್ಯಾಕೆಟ್‌ನ ಎಷ್ಟು ಭಾಗ ಹಿಡಿಯಬೇಕು ಅನ್ನುವ ಮೈನಸ್ ಎಸ್ ದೊಡ್ಡದು ಮಾಡಿ ನೋಡಿದರೆ ಕೇಳುತ್ತಿದ್ದ ಹೆಸರೂ ಕಾಣಿಸಿತು. ತಯಾರಕರದ್ದೇ ಕ್ಲೌಡ್ ಸರ್ವರ್.

ರೆಕಾರ್ಡರ್ ಫಿಟ್ ಮಾಡಿದ ಹುಡುಗನಿಗೆ ಫೋನ್ ಮಾಡಿದೆ. “ಸಾರ್, ಅದು ಕಂಪನಿಯಿಂದಲೇ ಹಾಗೆ ಬರುತ್ತೆ. ರೆಕಾರ್ಡಿಂಗ್ ಆಗ್ತಿದೆ ಅಲ್ವಾ?” ಆಗುತ್ತಿದೆ. ಆದರೆ ಆಫೀಸಿನೊಳಗೇ ನೋಡುವ ರೆಕಾರ್ಡರ್‌ಗೆ ಕ್ಲೌಡ್ ಯಾಕೆ? ಬ್ಲಾಕ್ ಹಾಗೇ ಇರಲಿ ಅಂದುಕೊಂಡೆ.

ಇನ್ನೊಂದು ವಿಷಯ. ನಡುವೆ ಹೊಸ ರೂಲ್ ತೂರಿಸಿ ಲೋಡ್ ಮಾಡಿದರೆ ನಂಬರ್‌ಗಳು ಸರಿದುಬಿಡುತ್ತವೆ. ಇವತ್ತಿನ 7 ನಾಳೆ 8 ಆಗಬಹುದು, ಹಳೇ ಲಾಗ್ ಓದುವಾಗ ತಲೆ ಕೆಡುತ್ತದೆ. ಪಿಎಫ್ ನಿಯಂತ್ರಿಸುವ ಪಿಎಫ್‌ಸಿಟಿಎಲ್ ಕಮಾಂಡ್ ತೋರಿಸುವ, ನಂಬರ್ ಸಮೇತದ ರೂಲ್ ಪಟ್ಟಿಗೆ ತಾರೀಖು ಹಾಕಿ ಲಾಗ್ ಪಕ್ಕದಲ್ಲೇ ಇಟ್ಟಿದ್ದೇನೆ. ಹೊಸ ಫೈಲನ್ನು ನ್ಯೂಸಿಸ್‌ಲಾಗ್‌ಗೆ ಸೇರಿಸುವುದು ಬಾಕಿ ಇದೆ.